ಚುಕ್ಕೆ ಗುರುತಿನ ಪ್ರಶ್ನೆಯೂ ಸೈಕಲ್ ಬ್ರೇಕಿನ ವೈರೂ

ಪ್ರಶ್ನೆ ಕೇಳುವವರಿಗೆ ಸಿಗುವ ಮರ್ಯಾದೆ ಉತ್ತರ ಬರೆಯುವವರಿಗೆ ಸಿಗುವುದಿಲ್ಲ. ಇದನ್ನು ನಾನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ, ಇಪ್ಪತ್ತಾರು ವರ್ಷಗಳ ಸೇವಾನುಭವದಿಂದ ಹೇಳುತ್ತಿದ್ದೇನೆ. ಶಾಸಕರು ಸದನದಲ್ಲಿ ಎದ್ದು ನಿಂತು ಒಂದು ಪ್ರಶ್ನೆ ಕೇಳಿದರೆ ಮರುದಿನ ಪತ್ರಿಕೆಯಲ್ಲಿ ಅವರ ಹೆಸರು ಬರುತ್ತದೆ. ಮಂತ್ರಿಗಳು ಅದಕ್ಕೆ ಉತ್ತರ ಓದಿದರೆ ಅವರ ಫೋಟೋ ಬರುತ್ತದೆ. ಆ ಉತ್ತರವನ್ನು ಬರೆದವನು ಅದೇ ಪತ್ರಿಕೆಯನ್ನು ಮೆಟ್ರೋದಲ್ಲಿ ಪಕ್ಕದವರ ಭುಜದ ಮೇಲಿಂದ ಇಣುಕಿ ಓದುತ್ತ, ಅತ್ತಿಗುಪ್ಪೆಯಲ್ಲಿ ಇಳಿದು, ಅನ್ನಪೂರ್ಣೇಶ್ವರಿ ನಗರದ ಬಸ್ಸಿಗಾಗಿ ಕಾಯುತ್ತ ನಿಲ್ಲುತ್ತಾನೆ. ಅವನೇ ನಾನು.

ಸಣ್ಣ ಉದ್ದಿಮೆ, ಉದ್ಯೋಗ, ಹೊಸ ಆವಿಷ್ಕಾರ ಇವನ್ನೆಲ್ಲ ಉತ್ತೇಜಿಸುವುದಕ್ಕೆಂದೇ ಇರುವ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಹಿರಿಯ ಸಹಾಯಕ. ಅಧಿವೇಶನ ಶುರುವಾದರೆ ಶಾಸಕರ ಪ್ರಶ್ನೆಗಳು ಬರುತ್ತವೆ. ಕೆಲವಕ್ಕೆ ತಲೆಯ ಮೇಲೆ ಒಂದು ಚುಕ್ಕೆ ಇರುತ್ತದೆ. ಚುಕ್ಕೆ ಇದ್ದರೆ ಮಂತ್ರಿಗಳು ಸದನದಲ್ಲಿ ಬಾಯಿಬಿಟ್ಟು ಉತ್ತರಿಸಬೇಕು, ಶಾಸಕರು ಅದರ ಮೇಲೆ ಇನ್ನೊಂದು ಪ್ರಶ್ನೆ ಎಸೆಯಬಹುದು. ಚುಕ್ಕೆ ಇಲ್ಲದಿದ್ದರೆ ಲಿಖಿತ ಉತ್ತರ ಕಳಿಸಿದರೆ ಮುಗಿಯಿತು. ಮದುವೆಯ ಛತ್ರದಲ್ಲಿ ಬೀಗರಿಗೂ ಬೀದಿಯಿಂದ ಬಂದವರಿಗೂ ಇರುವಷ್ಟೇ ವ್ಯತ್ಯಾಸ ಈ ಎರಡಕ್ಕೂ ಇದೆ. ಚುಕ್ಕೆ ಕಂಡೊಡನೆ ನಮ್ಮ ಶಾಖೆಯಲ್ಲಿ ಫ್ಯಾನು ಜೋರಾಗುತ್ತದೆ, ಕಾಫಿ ಎರಡು ಸಲ ಬರುತ್ತದೆ.

ಉತ್ತರ ಬರೆಯುವುದಕ್ಕೂ ಒಂದು ಕಲೆ ಬೇಕು. 'ಸರ್ಕಾರದ ಗಮನಕ್ಕೆ ಬಂದಿದೆಯೇ' ಎಂದು ಕೇಳಿದರೆ 'ಬಂದಿದೆ' ಎನ್ನಬೇಕು. 'ಬಂದಿದ್ದರೆ ಕೈಗೊಂಡ ಕ್ರಮವೇನು' ಎಂದರೆ 'ಪರಿಶೀಲನೆಯಲ್ಲಿದೆ' ಎನ್ನಬೇಕು. 'ಗಮನಕ್ಕೆ ಬಂದಿಲ್ಲ' ಎಂದು ಮೊದಲೇ ಹೇಳಿಬಿಟ್ಟರೆ ಮುಂದಿನ ಎಲ್ಲದಕ್ಕೂ 'ಉದ್ಭವಿಸುವುದಿಲ್ಲ' ಎಂದು ಬರೆದು ಮಧ್ಯಾಹ್ನದ ಊಟಕ್ಕೆ ಹೋಗಬಹುದು. ಈ ಭಾಷೆ ಎಷ್ಟು ಒಳಗಿಳಿಯುತ್ತದೆಂದರೆ ಒಂದು ದಿನ ನನ್ನ ಹೆಂಡತಿ ಗಿರಿಜೆ ಬಚ್ಚಲಿಂದಲೇ, ಒಲೆಯ ಮೇಲೆ ಹಾಲು ಉಕ್ಕುತ್ತಿರುವುದು ಕಾಣಿಸುತ್ತಿಲ್ಲವೇ ಎಂದು ಕೇಳಿದಾಗ, ಪತ್ರಿಕೆಯಿಂದ ತಲೆಯೆತ್ತದೆ 'ಗಮನಕ್ಕೆ ಬಂದಿದೆ' ಎಂದುಬಿಟ್ಟೆ. ಅವಳು ವಿಜಯನಗರದ ಒಂದು ಪ್ರೌಢಶಾಲೆಯಲ್ಲಿ ಗಣಿತದ ಟೀಚರು, ದಾವಣಗೆರೆ ಕಡೆಯವಳು, ಲೆಕ್ಕ ಬಿಡಿಸದೆ ಉತ್ತರ ಮಾತ್ರ ಬರೆದವರಿಗೆ ಸೊನ್ನೆ ಕೊಡುವವಳು. ಅಂದಿನ ಕಾಫಿ ನನಗೆ ಉದ್ಭವಿಸಲಿಲ್ಲ.

ಹೀಗೆ ಸುಖವಾಗಿದ್ದ ನನ್ನ ಮೇಜಿನ ಮೇಲೆ ಒಂದು ಬೆಳಿಗ್ಗೆ ಹೊಸ ಶಾಸಕಿಯೊಬ್ಬರ ಪ್ರಶ್ನೆ ಬಂದು ಕುಳಿತಿತು. ಅವರು ಮೊದಲ ಬಾರಿಗೆ ಗೆದ್ದು ಬಂದವರು. ಹಳೆಯ ಶಾಸಕರ ಪ್ರಶ್ನೆಗಳಲ್ಲಿ ಒಂದು ಸೌಜನ್ಯವಿರುತ್ತದೆ, ಅವು ಹೋದ ಅಧಿವೇಶನದ ಪ್ರಶ್ನೆಗಳನ್ನೇ ಹೋಲುತ್ತವೆ, ಹೋದ ಸಲದ ಉತ್ತರದಲ್ಲಿ ಇಸವಿ ಬದಲಾಯಿಸಿದರೆ ಸಾಕು. ಈ ಶಾಸಕಿಗೆ ಆ ಸಂಪ್ರದಾಯ ಯಾರೂ ಹೇಳಿಕೊಟ್ಟಿರಲಿಲ್ಲ. ಬೆಂಗಳೂರು ಪಶ್ಚಿಮ ಭಾಗದ ಸಣ್ಣ ಉದ್ದಿಮೆಗಳಲ್ಲಿ ಆಗಿರುವ ಹೊಸ ಆವಿಷ್ಕಾರಗಳು ಯಾವುವು ಎಂಬುದು ಮೊದಲ ಪ್ರಶ್ನೆ. ಅವುಗಳಿಂದ ಯಾರಿಗೆ ಉದ್ಯೋಗ ಸಿಕ್ಕಿದೆ ಎಂಬುದು ಎರಡನೆಯದು. ಅಲ್ಲಿಯವರೆಗೆ ಪರವಾಗಿರಲಿಲ್ಲ. ಮೂರನೆಯದು ಹೀಗಿತ್ತು: 'ಈ ಆವಿಷ್ಕಾರಗಳಲ್ಲಿ ಒಂದನ್ನಾದರೂ ಇಲಾಖೆಯ ಯಾರಾದರೂ ಕಣ್ಣಾರೆ ನೋಡಿದ್ದಾರೆಯೇ? ನೋಡಿದ್ದರೆ, ಕಂಡದ್ದೇನು?' ಮೇಲೆ ಚುಕ್ಕೆ.

ಶಾಸಕರ ಪ್ರಶ್ನೆಯಲ್ಲಿ 'ಕಣ್ಣಾರೆ' ಎಂಬ ಮಾತನ್ನು ನಾನು ಆವರೆಗೆ ಕಂಡಿರಲಿಲ್ಲ. ನಮ್ಮ ಕಡತಗಳಲ್ಲಿ ಆವಿಷ್ಕಾರದ ನೀತಿ ಇತ್ತು, ಆ ನೀತಿಯ ತಿದ್ದುಪಡಿ ಇತ್ತು, ತಿದ್ದುಪಡಿಯನ್ನು ವಿವರಿಸುವ ಸುತ್ತೋಲೆ ಇತ್ತು. ಆವಿಷ್ಕಾರ ಇರಲಿಲ್ಲ. ಶಾಖೆಯ ಮುಖ್ಯಸ್ಥರಾದ ಸುದರ್ಶನ ರಾಯರ ಬಳಿಗೆ ಒಯ್ದೆ. ನಿವೃತ್ತಿಗೆ ಎರಡು ವರ್ಷವಿದ್ದ ಅವರು ಬಲು ಒಳ್ಳೆಯ ಮನುಷ್ಯರು, ಚುಕ್ಕೆಯ ವಿಷಯದಲ್ಲಿ ಮಾತ್ರ ಅಂಜುಬುರುಕರು. ಮೂರು ಸಲ ಓದಿ, ಇಲಾಖೆಯು ಕಾಲಕಾಲಕ್ಕೆ ಪರಿವೀಕ್ಷಣೆ ನಡೆಸುತ್ತಿದೆ ಎಂದು ಬರೆಯಿರಿ, ಕಾಲ ಯಾವುದು ಎಂದು ಯಾರೂ ಕೇಳುವುದಿಲ್ಲ ಎಂದರು.

ಕಡತವನ್ನು ಮನೆಗೆ ತಂದೆ. ಊಟವಾದ ಮೇಲೆ ಗಿರಿಜೆ ಉತ್ತರ ಪತ್ರಿಕೆ ತಿದ್ದುತ್ತ ಕುಳಿತಿದ್ದಳು, ಎದುರಿಗೆ ನಾನು ಉತ್ತರ ಬರೆಯುತ್ತ ಕುಳಿತೆ. ಎರಡು ಸಾಲು ಬರೆದು ಹೊಡೆದುಹಾಕುವುದನ್ನು ನೋಡಿ ಏನೆಂದು ಕೇಳಿದಳು. ಪ್ರಶ್ನೆಯನ್ನು ಓದಿ ಹೇಳಿದೆ. ಅವಳು ಕೆಂಪು ಪೆನ್ನಿನ ಮುಚ್ಚಳ ಹಾಕಿ ನನ್ನನ್ನು ನೋಡಿದಳು.

"ನೋಡಿಲ್ಲ ಅಂತ ಬರೆಯೋಕೆ ಭಯ. ನೋಡಿದೀವಿ ಅಂತ ಬರೆದ್ರೆ ಸುಳ್ಳು. ನಾಡಿದ್ದು ಎರಡನೇ ಶನಿವಾರ ರಜಾ ಇದೆ ಅಲ್ವಾ? ಹೋಗಿ ನೋಡ್ಕೊಂಡ್ ಬಂದ್ಬಿಡಿ. ಕಾಮಾಕ್ಷಿಪಾಳ್ಯ ಇಲ್ಲೇ ಇದೆ, ಬಸ್ಸಲ್ಲಿ ಇಪ್ಪತ್ತು ನಿಮಿಷ."

ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಹೊರಗೆ ಹೋಗಬಹುದು ಎಂಬುದು ಇಪ್ಪತ್ತಾರು ವರ್ಷಗಳಲ್ಲಿ ನನಗೆ ಹೊಳೆದಿರಲಿಲ್ಲ. ಹೊಳೆದ ಮೇಲೆ ಅದು ಬಿಡಲಿಲ್ಲ. ಮರುದಿನ ಹೋಗುತ್ತ ಬರುತ್ತ ಮೆಟ್ರೋದ ಕಿಟಕಿಯಿಂದ ಕಾಣುವ ತಗಡಿನ ಛಾವಣಿಗಳನ್ನೆಲ್ಲ ನೋಡುತ್ತ, ಇದರ ಕೆಳಗೆ ಏನು ನಡೆಯುತ್ತಿರಬಹುದು ಎಂದು ಯೋಚಿಸಿದೆ. ದಿನಾ ಅದೇ ಛಾವಣಿಗಳ ಪಕ್ಕ ಹೋಗುವವನು ನಾನು. ಅವುಗಳ ಉತ್ತೇಜನವೇ ನನ್ನ ಹೊಟ್ಟೆಪಾಡು.

ಶನಿವಾರ ಹತ್ತೂವರೆಗೆ ಮಾಗಡಿ ರಸ್ತೆಯಲ್ಲಿ ಬಸ್ಸಿಳಿದು, ಒಂದು ಓಣಿಯೊಳಗೆ ನುಗ್ಗಿದೆ. ಎರಡೂ ಬದಿ ಅಂಗೈ ಅಗಲದ ಕಾರ್ಖಾನೆಗಳು, ಅವುಗಳ ಮೇಲೆ ಮನೆಗಳು, ಮನೆಗಳ ಬಾಲ್ಕನಿಯಲ್ಲಿ ಒಣಗುವ ಸೀರೆಗಳು. ಎಲ್ಲೆಲ್ಲೂ ಕಬ್ಬಿಣ ಕೊರೆಯುವ, ಬಡಿಯುವ, ಉಜ್ಜುವ ಸದ್ದು. ಕೈಯಲ್ಲಿ ಕಡತ, ಕಿಸೆಯಲ್ಲಿ ಪೆನ್ನು, ಇಸ್ತ್ರಿ ಮಾಡಿದ ಷರ್ಟು. ಇಷ್ಟು ಸಾಕಾಯಿತು. ನನ್ನನ್ನು ಕಂಡ ಮೊದಲ ಅಂಗಡಿಯವನು ಷಟರನ್ನು ಅರ್ಧ ಕೆಳಗಿಳಿಸಿದ. ಎರಡನೆಯವನು ಕುರ್ಚಿ ಒರೆಸಿ, ಟೀ ತರಿಸಿ, ಯಾವ ಡಿಪಾರ್ಟ್‌ಮೆಂಟು ಎಂದು ಮೆಲ್ಲಗೆ ಕೇಳಿದ. ನಿಮ್ಮಲ್ಲಿ ಏನಾದರೂ ಹೊಸ ಆವಿಷ್ಕಾರ ಆಗಿದೆಯೇ ಎಂದು ಕೇಳಿದೆ. ಅವನ ಮುಖ ಬಿಳಿಚಿಕೊಂಡಿತು. "ಇಲ್ಲ ಸಾರ್, ನಮ್ಮಲ್ಲಿ ಇವತ್ತಿನವರೆಗೂ ಅಂಥದ್ದೇನೂ ಆಗಿಲ್ಲ. ಬೇಕಾದ್ರೆ ಅಕ್ಕಪಕ್ಕದೋರನ್ನ ಕೇಳಿ," ಎಂದ. ಮೂರನೆಯ ಕಡೆ ನಾನು ಬಾಡಿಗೆ ಮನೆ ಹುಡುಕುತ್ತಿದ್ದೇನೆಂದು ತಿಳಿದು ಮಹಡಿ ತೋರಿಸಲು ಕರೆದೊಯ್ದರು. ಗಾಳಿ ಬೆಳಕು ಚೆನ್ನಾಗಿಯೇ ಇತ್ತು.

ಓಣಿಯ ಕೊನೆಯಲ್ಲಿ, ಇನ್ನು ಸಾಕು ಎಂದು ಹಿಂದಿರುಗುವಾಗ, ಒಂದು ತೆರೆದ ಬಾಗಿಲೊಳಗೆ ಕಂಡದ್ದು ನನ್ನ ಕಾಲು ನಿಲ್ಲಿಸಿತು. ಒಳಗೆ ಮೂರು ಪ್ರೆಸ್ ಯಂತ್ರಗಳು, ಅಂದರೆ ತಗಡನ್ನು ಅಚ್ಚಿನಡಿ ಇಟ್ಟರೆ ಮೇಲಿಂದ ಕಬ್ಬಿಣದ ತಲೆ ದಢಾರನೆ ಇಳಿದು ಕತ್ತರಿಸುವಂಥವು. ಒಂದೊಂದರ ಮುಂದೆ ಒಬ್ಬೊಬ್ಬ ಹೆಂಗಸು ಕುಳಿತು ಬಾಗಿಲ ಚಿಲಕದ ಬಿಲ್ಲೆಗಳನ್ನು ಮಾಡುತ್ತಿದ್ದಳು. ಮೂವರ ಎರಡೂ ಮಣಿಕಟ್ಟಿಗೆ ಚರ್ಮದ ಪಟ್ಟಿ ಬಿಗಿದಿತ್ತು. ಪಟ್ಟಿಯಿಂದ ಹೊರಟ ವೈರು ಅವರ ಬೆನ್ನ ಹಿಂದಿನ ಕಂಬದ ಮೇಲೆ ಹತ್ತಿ ಯಂತ್ರದೊಳಗೆ ಹೋಗಿತ್ತು. ಹೆಂಗಸರನ್ನು ಯಂತ್ರಕ್ಕೆ ಕಟ್ಟಿಹಾಕಿ ದುಡಿಸುತ್ತಿದ್ದಾರೆ! ಇದು ಯಾವ ಇಲಾಖೆಗೆ ಬರುತ್ತದೆ, ಯಾರಿಗೆ ಪತ್ರ ಬರೆಯಬೇಕು, ಪ್ರತಿ ಯಾರಿಗೆ ಕಳಿಸಬೇಕು ಎಂದು ಆ ಗಾಬರಿಯಲ್ಲೂ ಯೋಚಿಸಿದೆ ಎಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಒಳಗಿನಿಂದ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಹೆಸರು ಶಕುಂತಲಾ, ಕಾರ್ಖಾನೆ ಅವರದೇ. ಇವರನ್ನು ಯಾಕಮ್ಮ ಕಟ್ಟಿದ್ದೀರಿ ಎಂದು ಕೇಳಿದೆ. ಅವರು ನಕ್ಕರು, ಯಂತ್ರದ ಮುಂದಿದ್ದವರೂ ನಕ್ಕರು. ಕೂತು ನೋಡಿ ಎಂದು ಒಬ್ಬಾಕೆಯನ್ನು ಎಬ್ಬಿಸಿ, ನನ್ನನ್ನು ಕೂರಿಸಿ, ಪಟ್ಟಿಗಳನ್ನು ನನ್ನ ಕೈಗೆ ಬಿಗಿದರು. ಕೈಯನ್ನು ಅಚ್ಚಿನೊಳಗೆ ಇಡಿ ಎಂದರು. ಇಟ್ಟೆ. ಕೆಳಗಿರುವ ಪೆಡಲನ್ನು ತುಳಿಯಿರಿ ಎಂದರು. ತುಳಿಯಲಿಲ್ಲ. ಹೆಂಡತಿ, ಪಿಂಚಣಿ, ಬಲಗೈಯಲ್ಲಿ ಬರೆಯುವ ಅಭ್ಯಾಸ ಎಲ್ಲ ಕಣ್ಮುಂದೆ ಬಂದವು. ಶಕುಂತಲಾ ಅವರೇ ತಮ್ಮ ಕಾಲಿನಿಂದ ಪೆಡಲು ತುಳಿದರು. ಕಣ್ಣು ಮುಚ್ಚಿದೆ. ಯಾರೋ ಹಿಂದಿನಿಂದ ರಟ್ಟೆ ಹಿಡಿದು ಎಳೆದಂತಾಯಿತು. ಕಣ್ಣು ಬಿಟ್ಟರೆ ಕಬ್ಬಿಣದ ತಲೆ ಕೆಳಗಿತ್ತು, ನನ್ನ ಎರಡು ಕೈಗಳೂ ಎದೆಯ ಹತ್ತಿರ, ನಮಸ್ಕಾರ ಮಾಡುವಂತೆ.

ಯಂತ್ರದ ತಲೆ ಇಳಿಯುವಾಗ ಅದೇ ವೈರನ್ನು ಎಳೆಯುತ್ತದೆ, ವೈರು ಕೈಯನ್ನು ಎಳೆಯುತ್ತದೆ. ಮರೆವಿರಲಿ, ನಿದ್ದೆಗಣ್ಣಿರಲಿ, ಕೈ ಅಲ್ಲಿ ಇರುವುದಕ್ಕೇ ಸಾಧ್ಯವಿಲ್ಲ. ವೈರು ಸೈಕಲ್ ಬ್ರೇಕಿನದು. ದೊಡ್ಡ ಕಾರ್ಖಾನೆಗಳಲ್ಲಿ ಇದಕ್ಕೆಲ್ಲ ಬೇರೆ ಬೇರೆ ಏರ್ಪಾಟುಗಳು ಇರುತ್ತವಂತೆ, ಈ ಓಣಿಯ ಹಳೆಯ ಯಂತ್ರಗಳಿಗೆ ಅವು ಕೂರುವುದಿಲ್ಲ. ಮಗಳಿಗೆ ಬಸವೇಶ್ವರನಗರದ ಮೈದಾನದಲ್ಲಿ ಸೈಕಲ್ ಕಲಿಸುವಾಗ ಅವಳು ಬ್ರೇಕ್ ಒತ್ತಿದೊಡನೆ ಚಕ್ರ ನಿಂತದ್ದನ್ನು ನೋಡಿ ಹೊಳೆಯಿತು ಎಂದರು ಶಕುಂತಲಾ. ಇದನ್ನು ಹೇಳುತ್ತ ಅವರು ವೈರನ್ನು ಎತ್ತಿ ತೋರಿಸಿದಾಗಲೇ ನಾನು ಅವರ ಎಡಗೈ ನೋಡಿದ್ದು. ಕಿರುಬೆರಳೂ ಅದರ ಪಕ್ಕದ್ದೂ ಬುಡದವರೆಗೆ ಇರಲಿಲ್ಲ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಬೇರೊಂದು ಕಡೆ ಕೆಲಸ ಮಾಡುವಾಗ ಹೋದದ್ದಂತೆ. ಆಮೇಲೆ ಯಾರೂ ಪ್ರೆಸ್ಸಿನ ಕೆಲಸ ಕೊಡಲಿಲ್ಲ, ಬೆರಳಿಲ್ಲದವರು ನಿಧಾನ ಎಂದು. ಈಗ ಅವರ ಬಳಿ ಇರುವ ಆರು ಹೆಂಗಸರಲ್ಲಿ ನಾಲ್ವರದು ಇದೇ ಕಥೆ. "ನಾವು ನಿಧಾನ ಅಲ್ಲ ಸಾರ್, ಹೆದರಿಕೆ ಅಷ್ಟೇ. ಕೈ ಹೋಗಲ್ಲ ಅಂತ ಗೊತ್ತಾದ್ಮೇಲೆ ನೋಡಿ, ಎಲ್ಲರಿಗಿಂತ ಫಾಸ್ಟು," ಎಂದರು.

ಆವಿಷ್ಕಾರ, ಉದ್ಯೋಗ, ಕಣ್ಣಾರೆ ನೋಡಿದ್ದು, ಮೂರೂ ಪ್ರಶ್ನೆಗಳಿಗೆ ಒಂದೇ ಕೋಣೆಯಲ್ಲಿ ಉತ್ತರ ಸಿಕ್ಕಿತ್ತು. ನಾನು ಹಿಗ್ಗಿ ಹೋಗಿ ಕಡತ ಬಿಚ್ಚಿ, ನಿಮ್ಮ ಪೂರ್ತಿ ಹೆಸರು, ಕಾರ್ಖಾನೆಯ ವಿಳಾಸ ಹೇಳಿ, ಇದು ವಿಧಾನಸಭೆಯಲ್ಲಿ ಬರುತ್ತದೆ ಎಂದೆ. ಶಕುಂತಲಾ ಅವರ ಮುಖದ ನಗು ಆರಿತು. ಮೂರನೆಯ ಯಂತ್ರಕ್ಕೆ ಇನ್ನೂ ಪರವಾನಗಿ ಆಗಿಲ್ಲ, ಎರಡು ಸಲ ಅರ್ಜಿ ಹಾಕಿದರೂ ಇದು ವಾಸದ ಓಣಿಯೋ ಕಾರ್ಖಾನೆಯ ಓಣಿಯೋ ಎಂದು ತೀರ್ಮಾನವಾಗದೆ ವಾಪಸು ಬಂದಿದೆ ಎಂದರು. ಹೆಸರು ಸದನದಲ್ಲಿ ಬಂದರೆ ಮರುದಿನ ಯಾರಾದರೂ ಬಂದು ಬೀಗ ಹಾಕುತ್ತಾರೆ, ಆರು ಮನೆಯವರು ಬೀದಿಗೆ ಬೀಳುತ್ತಾರೆ.

"ವೈರು ಯಾರು ಬೇಕಾದ್ರೂ ಹಾಕ್ಕೊಳ್ಳಿ ಸಾರ್, ನಂದೇನೂ ಇಲ್ಲ. ಹೆಂಗ್ ಮಾಡೋದು ಅಂತ ಪೂರ್ತಿ ಬರ್ಕೊಳ್ಳಿ. ನನ್ ಹೆಸರು ಮಾತ್ರ ಬೇಡ. ಮಾತು ಕೊಡಿ."

ಸರ್ಕಾರಿ ನೌಕರನನ್ನು ಯಾರೂ ಮಾತು ಕೇಳುವುದಿಲ್ಲ, ರಸೀದಿ ಕೇಳುತ್ತಾರೆ. ಹಾಗಾಗಿ ಹೇಗೆ ಕೊಡಬೇಕೆಂದು ತಿಳಿಯದೆ, ಪಟ್ಟಿ ಬಿಚ್ಚಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು ಕೊಟ್ಟೆ.

ಸೋಮವಾರ ಉತ್ತರವನ್ನು ಒಂದೂವರೆ ಪುಟ ಬರೆದು ರಾಯರ ಮುಂದಿಟ್ಟೆ. ವೈರು, ಪಟ್ಟಿ, ಆರು ಜನ ಹೆಂಗಸರು ಎಲ್ಲ ಇತ್ತು. ಹೆಸರು ಇರಲಿಲ್ಲ, 'ಒಂದು ಘಟಕದಲ್ಲಿ' ಎಂದಿತ್ತು. ರಾಯರು ಕನ್ನಡಕ ತೆಗೆದು ಹಣೆ ಒತ್ತಿಕೊಂಡರು. "ಉತ್ತರ ಅಂದ್ರೆ ಬಾಗಿಲು ಕಣ್ರೀ. ಮುಚ್ಚಬೇಕು. ನೀವು ಕಿಟಕಿ ತೆಗೀತಾ ಇದೀರಿ," ಎಂದರು. ಯಾವ ಘಟಕ ಎಂದು ಸದನದಲ್ಲಿ ಕೇಳಿದರೆ ಏನು ಗತಿ, ಇದೆಲ್ಲ ಬೇಡ ಎಂದು ಹಾಳೆಯನ್ನು ಪಕ್ಕಕ್ಕಿಟ್ಟರು. ನಾನು ಎದ್ದು ಹೊರಟೆ. ಬಾಗಿಲ ಹತ್ತಿರ ಹೋದವನನ್ನು ಮತ್ತೆ ಕರೆದು, ತುಸು ಸಂಕೋಚದಿಂದ, ಅಲ್ಲಾ, ಆ ವೈರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರು.

ಬಾಯಲ್ಲಿ ಹೇಳಿದರೆ ಅರ್ಥವಾಗಲಿಲ್ಲ. ಕಡತ ಕಟ್ಟುವ ಕೆಂಪು ದಾರ ಬೇಕಾದಷ್ಟಿತ್ತು. ರಾಯರ ಎರಡೂ ಮಣಿಕಟ್ಟಿಗೆ ದಾರ ಕಟ್ಟಿ, ಕುರ್ಚಿಯ ಹಿಂದಿನ ಬೀರುವಿನ ಹಿಡಿಕೆಯ ಮೇಲೆ ಹಾಯಿಸಿ, ತುದಿಯನ್ನು ನಾನು ಹಿಡಿದುಕೊಂಡೆ. ಮೇಜಿನ ಮೇಲಿದ್ದ ದಪ್ಪ ನಿಯಮಾವಳಿ ಪುಸ್ತಕವನ್ನು ಇನ್ನೊಂದು ಕೈಯಲ್ಲಿ ಎತ್ತಿ, ಇದೇ ಯಂತ್ರದ ತಲೆ ಎಂದುಕೊಳ್ಳಿ, ಈಗ ಕೈ ಮುಂದೆ ಇಡಿ ಸಾರ್ ಎಂದೆ. ಪುಸ್ತಕ ಬಿತ್ತು, ದಾರ ಎಳೆದೆ, ರಾಯರ ಕೈಗಳು ಮೇಲಕ್ಕೆ ಹಾರಿದವು. ಸರಿಯಾಗಿ ಆಗಲೇ ಜವಾನ ನಂಜಪ್ಪ ಕಾಫಿ ತೆಗೆದುಕೊಂಡು ಒಳಗೆ ಬಂದ. ದಾರದಲ್ಲಿ ಕಟ್ಟಿಸಿಕೊಂಡು ಕೈಯೆತ್ತಿ ಕುಳಿತ ಮುಖ್ಯಸ್ಥರನ್ನೂ, ದಾರದ ತುದಿ ಹಿಡಿದು ನಿಂತ ನನ್ನನ್ನೂ ಒಮ್ಮೆ ನೋಡಿ, ಕಾಫಿಯ ಸಮೇತ ಹಿಂದಕ್ಕೆ ಹೋದ. ಹತ್ತು ನಿಮಿಷದಲ್ಲಿ ಇಡೀ ಮಹಡಿಗೆ ಸುದ್ದಿ ಮುಟ್ಟಿತು. ಬಡ್ತಿ ಸಿಗದ ಕೋಪಕ್ಕೆ ನಾನು ಹೀಗೆ ಮಾಡಿದೆನೆಂದು ಎರಡನೆಯ ಮಹಡಿಯವರು ಇಂದಿಗೂ ನಂಬಿದ್ದಾರೆ.

ರಾಯರು ದಾರ ಬಿಚ್ಚಿಕೊಂಡು ತಮ್ಮ ಹತ್ತು ಬೆರಳುಗಳನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹಾಳೆಯನ್ನು ಹತ್ತಿರ ಎಳೆದುಕೊಂಡು ಸಹಿ ಹಾಕಿದರು.

ಪ್ರಶ್ನೆ ಸದನಕ್ಕೆ ಬಂದ ದಿನ ನಾನು ಅಧಿಕಾರಿಗಳ ಗ್ಯಾಲರಿಯ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಮಂತ್ರಿಗಳಿಗೆ ತಕ್ಷಣ ಏನಾದರೂ ವಿವರ ಬೇಕಾದರೆ ಚೀಟಿಯಲ್ಲಿ ಬರೆದು ಕಳಿಸುವುದಕ್ಕೆ ಅಲ್ಲಿ ನಮ್ಮಂಥವರನ್ನು ಕೂರಿಸುತ್ತಾರೆ. ಮಂತ್ರಿಗಳು ಒಂದೂವರೆ ಪುಟವನ್ನೂ ಗಟ್ಟಿಯಾಗಿ ಓದಿದರು. ಸೈಕಲ್ ಬ್ರೇಕ್ ಎಂಬಲ್ಲಿ ಅವರೇ ಒಮ್ಮೆ ನಿಂತು, ಮುಂದೇನೆಂಬ ಕುತೂಹಲದಿಂದ ಹಾಳೆ ತಿರುವಿದಂತೆ ಕಂಡಿತು. ಓದಿ ಮುಗಿಸಿದಾಗ ಶಾಸಕಿ ಎದ್ದು, ಬಹಳ ಸಂತೋಷ, ಈ ಘಟಕ ಯಾವುದು, ಎಲ್ಲಿದೆ, ಹೆಸರು ಹೇಳಬೇಕು ಎಂದರು. ರಾಯರು ಹೆದರಿದ್ದೇ ಆಯಿತು. ಮಂತ್ರಿಗಳು ಗ್ಯಾಲರಿಯ ಕಡೆ ನೋಡಿದರು. ಮುಂದಿನ ಸಾಲಿನ ದೊಡ್ಡ ಅಧಿಕಾರಿಗಳು ರಾಯರನ್ನು ನೋಡಿದರು. ರಾಯರು ನನ್ನನ್ನು ನೋಡಿದರು. ನನ್ನ ಹಿಂದೆ ಗೋಡೆ ಇತ್ತು.

ಚೀಟಿ ನನ್ನ ಕೈಗೆ ಬಂತು. ಹೆಸರು ಬರೆಯುವುದು ಒಂದು ಕ್ಷಣದ ಕೆಲಸ. ಬರೆದರೆ ನಾನು ಉಳಿಯುತ್ತೇನೆ, ಬರೆಯದಿದ್ದರೆ ಏನಾಗುತ್ತದೋ ಗೊತ್ತಿಲ್ಲ. ಇಪ್ಪತ್ತಾರು ವರ್ಷ ಕಲಿತ ಒಂದೇ ಒಂದು ಸರ್ಕಾರಿ ವಾಕ್ಯವೂ ಆಗ ನೆನಪಿಗೆ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದೆ: 'ಹೆಸರು ಹೇಳುವುದಿಲ್ಲವೆಂದು ಆ ತಾಯಿಗೆ ಮಾತು ಕೊಟ್ಟಿದ್ದೇನೆ. ಮೂರನೇ ಯಂತ್ರಕ್ಕೆ ಪರವಾನಗಿ ಆಗದೆ ಅವರಿಗೆ ಭಯವಿದೆ.' ರಾಯರಿಗೆ ಮಾತ್ರ ತಿಳಿಸುವ ಮಾತು ಅದು, ಮಂತ್ರಿಗಳಿಗಲ್ಲ. ರಾಯರು ಓದದೆ ಮುಂದಕ್ಕೆ ದಾಟಿಸಿದರು. ಮುಂದಿನವರೂ ಓದದೆ ದಾಟಿಸಿದರು. ಮಂತ್ರಿಗಳು ಚೀಟಿ ಬಿಡಿಸಿ, ಮನಸ್ಸಿನಲ್ಲಿ ಒಮ್ಮೆಯೂ ಓದಿಕೊಳ್ಳದೆ, ನೇರವಾಗಿ ಗಟ್ಟಿಯಾಗಿ ಓದಿದರು.

"ಮಾನ್ಯ ಅಧ್ಯಕ್ಷರೇ, ಹೆಸರು ಹೇಳುವುದಿಲ್ಲವೆಂದು ಆ ತಾಯಿಗೆ ಮಾತು ಕೊಟ್ಟಿದ್ದೇನೆ."

ಎರಡನೆಯ ವಾಕ್ಯ ಓದುವಷ್ಟರಲ್ಲಿ ಮಂತ್ರಿಗಳಿಗೆ ಏನೋ ಎಡವಟ್ಟಾಗಿದೆ ಎಂದು ತಿಳಿದಿತ್ತು, ಆದರೆ ಅಷ್ಟು ಹೊತ್ತಿಗೆ ಆಡಳಿತ ಪಕ್ಷದವರು ಮೇಜು ತಟ್ಟಲು ಶುರುಮಾಡಿದ್ದರು. ವಿರೋಧ ಪಕ್ಷದವರೂ ಕೆಲವರು ತಟ್ಟಿದರು. ಮಂತ್ರಿಗಳು ಸುತ್ತ ನೋಡಿ, ಗಂಭೀರರಾಗಿ, ಮೆಲ್ಲಗೆ ಕುಳಿತರು. ನಿಜ ಹೇಳುತ್ತೇನೆ, ಆ ಮಾತು ಅವರ ಬಾಯಲ್ಲಿ ನನ್ನ ಬಾಯಲ್ಲಿದ್ದುದಕ್ಕಿಂತ ಚೆನ್ನಾಗಿ ಕೇಳಿಸಿತು.

ಮೋಸ ಹೋಗದವರು ಒಬ್ಬರೇ. ಮಧ್ಯಾಹ್ನ ಕಾರಿಡಾರಿನಲ್ಲಿ ಆ ಶಾಸಕಿ ನಮ್ಮನ್ನು ನಿಲ್ಲಿಸಿ, ಚೀಟಿ ಬರೆದವರು ಯಾರು ಎಂದು ಕೇಳಿದರು. ರಾಯರು ಗೋಡೆಯ ಮೇಲಿನ ಫೋಟೋ ನೋಡತೊಡಗಿದರು. ನಾನು ಒಪ್ಪಿಕೊಂಡೆ. ಬೈಯುತ್ತಾರೆಂದು ನಿಂತವನಿಗೆ ಅವರು ಕೇಳಿದ್ದು ಒಂದೇ: "ಕೈ ಇಟ್ಟು ನೋಡಿದ್ರಾ ನೀವು? ನಿಜವಾಗ್ಲೂ ಎಳೆಯತ್ತಾ?" ಎಳೆಯುತ್ತದೆ ಎಂದೆ. ತಮ್ಮ ತಂದೆಯೂ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಪ್ರೆಸ್ ಕೆಲಸಗಾರರಾಗಿದ್ದರು, ಮನೆಯಲ್ಲಿ ಅನ್ನ ಕಲಸುವಾಗ ಅವರ ಬಲಗೈ ನೋಡಬಾರದೆಂದು ಅಮ್ಮ ಮಕ್ಕಳಿಗೆ ಹೇಳಿಕೊಟ್ಟಿದ್ದಳು ಎಂದರು. ಆ ಪ್ರಶ್ನೆಯಲ್ಲಿ 'ಕಣ್ಣಾರೆ' ಎಂಬ ಮಾತು ಎಲ್ಲಿಂದ ಬಂದಿತ್ತೆಂದು ನನಗೆ ತಿಳಿಯಿತು. ಕಾರ್ಖಾನೆ ನೋಡಲು ತಾವೂ ಬರುತ್ತೇನೆಂದರು. ನಾನು, ಮೊದಲು ಆ ತಾಯಿಯನ್ನು ಕೇಳಬೇಕು ಎಂದೆ. ಶಾಸಕರಿಗೆ 'ಕೇಳಿ ಹೇಳುತ್ತೇನೆ' ಎಂದ ಮೊದಲ ಹಿರಿಯ ಸಹಾಯಕ ನಾನೇ ಇರಬೇಕು.

ಶಕುಂತಲಾ ಸುಲಭಕ್ಕೆ ಒಪ್ಪಲಿಲ್ಲ. ಎರಡು ದಿನ ಯೋಚಿಸಿ, ಒಬ್ಬರೇ ಬರಬೇಕು, ಹಾರ ಬೇಡ, ಫೋಟೋ ಬೇಡ ಎಂದರು. ಶಾಸಕಿ ಒಂದು ಸಂಜೆ ಆಟೋದಲ್ಲಿ ಒಬ್ಬರೇ ಬಂದರು. ಓಣಿಯಲ್ಲಿ ಯಾರಿಗೂ ಗುರುತು ಸಿಗಲಿಲ್ಲ, ಮಹಡಿ ಮನೆಯವರು ಮಾತ್ರ ಬಾಡಿಗೆಗೆ ಬಂದವರೆಂದು ಬೀಗದ ಕೈ ಹಿಡಿದು ಇಳಿದರು. ಪಟ್ಟಿ ಕಟ್ಟಿಸಿಕೊಂಡು ಕುಳಿತ ಶಾಸಕಿ ನನ್ನ ಹಾಗೆ ಕಣ್ಣು ಮುಚ್ಚಲಿಲ್ಲ, ಪೆಡಲನ್ನು ತಾವೇ ತುಳಿದರು. ವೈರು ಎಳೆದ ರಭಸಕ್ಕೆ ಒಂದು ಗಾಜಿನ ಬಳೆ ಒಡೆಯಿತು. ಇನ್ನೊಮ್ಮೆ ತುಳಿದರು, ಮತ್ತೊಮ್ಮೆ ತುಳಿದರು. ಕಣ್ಣಲ್ಲಿ ನೀರಿತ್ತು. ಶಕುಂತಲಾ ಒಳಗೆ ಹೋಗಿ ಕಾಫಿ ತಂದು, ಮೂರು ಬೆರಳಿನ ಕೈಯಲ್ಲಿ ಲೋಟ ಕೊಟ್ಟರು. ಅದನ್ನು ತೆಗೆದುಕೊಂಡ ಶಾಸಕಿ ಆ ಕೈಯನ್ನು ಬಿಡದೆ ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದರು.

ಪರವಾನಗಿ ಒಂದೇ ದಿನಕ್ಕೆ ಆಗಲಿಲ್ಲ. ಆದರೆ ಮುಂದಿನ ತಿಂಗಳು ಶಾಸಕಿ ಅದೇ ಓಣಿಯ ಗಣಪತಿ ಗುಡಿಯ ಜಗಲಿಯಲ್ಲಿ ಸಂಬಂಧಪಟ್ಟ ಅಧಿಕಾರಿಗಳನ್ನೆಲ್ಲ ಒಂದು ಬೆಳಿಗ್ಗೆ ಕೂರಿಸಿದರು. ಓಣಿ ವಾಸದ್ದೋ ಕಾರ್ಖಾನೆಯದೋ ಎಂಬ ಪ್ರಶ್ನೆಯನ್ನು, ಅಧಿಕಾರಿಗಳು ಓಣಿಯನ್ನು ನೋಡಿದೊಡನೆ, ಎರಡೂ ಹೌದು ಎಂದು ತೀರ್ಮಾನಿಸಿದರು. ಶಕುಂತಲಾ ಅವರ ಮೂರನೆಯ ಯಂತ್ರಕ್ಕೆ ಕಾಗದ ಸಿಕ್ಕಿತು. ಅಂದು ಸಂಜೆ ಅವರು ನನಗೆ ಫೋನ್ ಮಾಡಿ, ಈಗ ಹೆಸರು ಬರೆದುಕೊಳ್ಳಿ ಎಂದರು. ನನ್ನನ್ನು ಕಂಡು ಷಟರ್ ಇಳಿಸಿದ್ದ ಅಂಗಡಿಯವನೂ ವೈರು ಹಾಕಿಸಿಕೊಂಡಿದ್ದಾನಂತೆ, ಓಣಿಯಲ್ಲಿ ಈಗ ಹನ್ನೊಂದು ಯಂತ್ರಗಳಿಗೆ ವೈರು ಇದೆಯಂತೆ. ಈ ಸುದ್ದಿಯನ್ನು ಗಿರಿಜೆಗೆ ಹೇಳಿದಾಗ ಅವಳು, ಹನ್ನೊಂದು ಯಂತ್ರ ಎಂದರೆ ಇಪ್ಪತ್ತೆರಡು ಕೈ, ನೂರಾ ಹತ್ತು ಬೆರಳು ಎಂದಳು. ನನಗೆ ಅವಳು ಪೂರ್ತಿ ಅಂಕ ಕೊಟ್ಟದ್ದು ಮದುವೆಯಾದ ಮೇಲೆ ಅದೇ ಮೊದಲು.

ಇಲ್ಲಿಗೆ ನಿಲ್ಲಿಸಿದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ಮುಂದಿನ ಅಧಿವೇಶನದಲ್ಲಿ ಶಾಸಕಿ ಇನ್ನೊಂದು ಪ್ರಶ್ನೆ ಕಳಿಸಿದರು. ನನ್ನ ಮೇಲಿನ ವಿಶ್ವಾಸದಿಂದಲೇ ಕೇಳಿದ್ದು, ತಪ್ಪು ತಿಳಿಯುವ ಹಾಗಿಲ್ಲ. ಹೀಗೆ ಸ್ವಂತ ಆಸಕ್ತಿಯಿಂದ ಕಾರ್ಖಾನೆಗಳಿಗೆ ಹೋಗಿ ನೋಡುವ ನೌಕರರು ಇಲಾಖೆಯಲ್ಲಿ ಎಷ್ಟು ಮಂದಿ ಇದ್ದಾರೆ ಎಂಬುದೇ ಆ ಪ್ರಶ್ನೆ. ಕರಡು ಬರೆಯಬೇಕಾದವನು ನಾನೇ. ಬಹಳ ಹೊತ್ತು ಯೋಚಿಸಿ, ವಿನಯವನ್ನೂ ಸತ್ಯವನ್ನೂ ತೂಗಿ ನೋಡಿ, 'ಒಬ್ಬರು' ಎಂದು ಬರೆದು ಕಳಿಸಿದೆ. ಕಡತ ಮೇಲಕ್ಕೆ ಹೋಗಿ ನಾಲ್ಕು ಸಹಿ ಹೊತ್ತು ಕೆಳಗಿಳಿಯುವಷ್ಟರಲ್ಲಿ 'ಒಬ್ಬರು' ಎಂಬುದು 'ಎಲ್ಲರೂ' ಎಂದಾಗಿತ್ತು. ಮಂತ್ರಿಗಳು ಅದನ್ನೇ ಸದನದಲ್ಲಿ ಓದಿದರು. ಓದಿದ ಮೇಲೆ ಅದು ನಿಜವಾಗಬೇಕಲ್ಲ. ಇಲಾಖೆಯ ಪ್ರತಿಯೊಬ್ಬ ನೌಕರನೂ ತಿಂಗಳಿಗೊಂದು ಸಣ್ಣ ಕಾರ್ಖಾನೆಗೆ ಖುದ್ದಾಗಿ ಭೇಟಿ ಕೊಟ್ಟು, ನಿಗದಿತ ನಮೂನೆಯಲ್ಲಿ ಮೂರು ಪ್ರತಿ ವರದಿಯನ್ನು ಫೋಟೋ ಸಹಿತ ಸಲ್ಲಿಸಬೇಕೆಂದು ಸುತ್ತೋಲೆ ಹೊರಟಿತು.

ಅಂದಿನಿಂದ ಕಚೇರಿಯಲ್ಲಿ ಊಟದ ಡಬ್ಬಿಯನ್ನು ನಾನು ಒಬ್ಬನೇ ತೆರೆಯುತ್ತೇನೆ. ಎರಡನೆಯ ಮಹಡಿಯವರಂತೂ ನನ್ನನ್ನು ಕಂಡರೆ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತಾರೆ. ಅದನ್ನಾದರೂ ಸಹಿಸಬಹುದು. ಸಹಿಸಲಾಗದ್ದು ಬೇರೆ ಇದೆ. ಮೊದಲ ತಿಂಗಳು ಉತ್ಸಾಹದಿಂದ ಕೆಂಗೇರಿಗೆ ಹೋಗಿ ನೋಡಿ ಬಂದೆ. ಎರಡನೆಯ ತಿಂಗಳು ಬಿಸಿಲು ಜಾಸ್ತಿ ಇತ್ತು. ಮೂರನೆಯ ತಿಂಗಳು ಉಲ್ಲಾಳದ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಯಾರೂ ಹೇಳದೆ ಇದ್ದಾಗ ಓಣಿ ಓಣಿ ಅಲೆದ ಅದೇ ಕಾಲುಗಳು, ಹೋಗಲೇಬೇಕು ಎಂದು ಆದೇಶವಾದ ದಿನದಿಂದ ನೋಯುತ್ತವೆ. ಗಿರಿಜೆ ಇದರ ಬಗ್ಗೆ ಈವರೆಗೆ ಏನೂ ಕೇಳಿಲ್ಲ. ಅವಳು ಕೇಳದೆ ಇರುವುದೇ ನನಗೆ ಭಯ.

ವರದಿ ಕೊಡದವರಿಗೆ ಎಚ್ಚರಿಕೆಯ ಜ್ಞಾಪನ ಕಳಿಸುವ ಹೊಣೆಯನ್ನು, ಈ ವಿಷಯದಲ್ಲಿ ವಿಶೇಷ ಅನುಭವವಿದೆಯೆಂದು, ನನಗೇ ವಹಿಸಿದ್ದಾರೆ. ಮೊನ್ನೆ ಸತತ ಎರಡು ತಿಂಗಳು ವರದಿ ಕೊಡದವರ ಪಟ್ಟಿ ತಯಾರಿಸಿದೆ. ಉಳಿದವರೆಲ್ಲ ಬೈದುಕೊಂಡಾದರೂ ಹೋಗಿ ಬಂದಿದ್ದರು. ಜವಾನ ನಂಜಪ್ಪ ಕೂಡ ಅಗರಬತ್ತಿ ಕಾರ್ಖಾನೆಯೊಂದನ್ನು ನೋಡಿ ಎರಡು ಪುಟ ಬರೆದಿದ್ದ, ಚೆನ್ನಾಗಿಯೇ ಬರೆದಿದ್ದ. ಪಟ್ಟಿಯಲ್ಲಿ ಒಂದೇ ಹೆಸರು ಇತ್ತು. ಕರ್ತವ್ಯದಲ್ಲಿ ಆಸಕ್ತಿ ತೋರದಿರುವುದಕ್ಕೆ ಏಳು ದಿನದೊಳಗೆ ಕಾರಣ ನೀಡತಕ್ಕದ್ದು ಎಂದು ಖಡಕ್ಕಾಗಿ ಬರೆದು, ರಾಯರಿಂದ ಸಹಿ ಮಾಡಿಸಿ, ಸ್ವೀಕೃತಿ ಪುಸ್ತಕದಲ್ಲಿ ದಿನಾಂಕ ಹಾಕಿ, ನನ್ನ ಕೈಯಿಂದ ನಾನೇ ತೆಗೆದುಕೊಂಡೆ.